ಜೇನಿಗೊಂದು ಹೂದೋಟ: ಕಾಡುಹೂಗಳನ್ನು ಬೀಜದಿಂದ ಬೆಳೆಸುವ ಬಗೆ

ಹೂಮಳೆ ಬಿದ್ದು ಎಂಟು ಹತ್ತು ದಿನಗಳಾದರೆ ಕಾಫಿ ತೋಟವೆಲ್ಲ ಬೆಳ್ಳಗಾಗುತ್ತದೆ. ಆ ಪರಿಮಳಕ್ಕೆ ಎಲ್ಲಿಲ್ಲದ ಜೇನು ಬಂದು ಮುತ್ತುತ್ತದೆ. ಮೂರು ನಾಲ್ಕು ದಿನಗಳಲ್ಲಿ ಹೂವು ಕಂದು ಬಣ್ಣಕ್ಕೆ ತಿರುಗಿ, ಕೆಲಸ ಮುಗಿಯುತ್ತದೆ. ಆ ಮೂರು ನಾಲ್ಕು ದಿನಗಳ ಜೇನನ್ನು ನಾವೆಲ್ಲರೂ ನೋಡುತ್ತೇವೆ. ವರ್ಷದ ಉಳಿದ ದಿನಗಳಲ್ಲಿ ಅದೇ ಜೇನು ಏನು ತಿಂದು ಬದುಕಬೇಕೆಂಬುದನ್ನು ನಮ್ಮಲ್ಲಿ ವಿಚಾರ ಮಾಡಿದವರು ಕಡಿಮೆ. ಈ ಲೇಖನ ಆ ವಿಚಾರವನ್ನು ಕುರಿತದ್ದು.

ಯಾವ ಬೆಳೆಗೆ ಎಷ್ಟು ಅಗತ್ಯ?

ಜೇನಿನ ಉಪಕಾರ ಎಲ್ಲ ಬೆಳೆಗಳಿಗೂ ಒಂದೇ ಸಮನಲ್ಲ. ಅರೇಬಿಕಾ ತನ್ನ ಪರಾಗದಿಂದಲೇ ಕಾಯಿ ಕಟ್ಟಬಲ್ಲದು. ಜೇನು ಬಂದರೆ ಸ್ವಲ್ಪ ಅನುಕೂಲ, ಬಾರದಿದ್ದರೂ ಬೆಳೆ ನಿಲ್ಲುವುದಿಲ್ಲ. ರೊಬಸ್ಟಾದ ಸ್ವಭಾವ ಬೇರೆ. ಒಂದು ಗಿಡದ ಪರಾಗ ಅದೇ ಗಿಡದ ಹೂವಿನಲ್ಲಿ ಫಲಿಸುವುದಿಲ್ಲ. ಪಕ್ಕದ ಗಿಡದಿಂದ ಪರಾಗ ಬರಲೇಬೇಕು. ಅದನ್ನು ತರುವವರು ಇಬ್ಬರೇ, ಒಂದು ಗಾಳಿ, ಇನ್ನೊಂದು ಜೇನು. ಭಾರತದ ಕಾಫಿ ಉತ್ಪನ್ನದಲ್ಲಿ ಶೇಕಡಾ 70ರಷ್ಟು ಈಗ ರೊಬಸ್ಟಾ ಎಂಬುದನ್ನು ನೆನೆದರೆ ಮಾತಿನ ತೂಕ ತಿಳಿಯುತ್ತದೆ. ಕೊಡಗಿನ ತೋಟಗಳಲ್ಲಿ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನವೊಂದು ರೊಬಸ್ಟಾ ಹೂವಿಗೆ ಬರುವ ಮುಖ್ಯ ಅತಿಥಿಗಳೆಂದು ಹೆಜ್ಜೇನು, ತುಡುವೆ ಮತ್ತು ಮಿಸರೆ ಜೇನುಗಳನ್ನು ಗುರುತಿಸಿದೆ.

ಅಡಿಕೆಯ ಸಿಂಗಾರದಲ್ಲಿ ಮೊದಲು ಗಂಡು ಹೂವು ಅರಳಿ ಉದುರುತ್ತದೆ, ಆಮೇಲೆ ಹೆಣ್ಣು ಹೂವು ಬಾಯಿ ತೆರೆಯುತ್ತದೆ. ಹಾಗಾಗಿ ಬೇರೆ ಮರದ ಪರಾಗ ಬೇಕು. ಆದರೆ ಅದು ಬಹುಮಟ್ಟಿಗೆ ಗಾಳಿಯ ಕೆಲಸ. ಇಲ್ಲಿ ಅಡಿಕೆಯೇ ಜೇನಿಗೆ ಪರಾಗ ಕೊಟ್ಟು ಸಾಕುತ್ತದೆ ಎನ್ನಬೇಕು. ನಡುವೆ ಏಲಕ್ಕಿ ಹಾಕಿದವರ ಲೆಕ್ಕ ಮಾತ್ರ ಪೂರ್ತಿ ಬೇರೆ. ಏಲಕ್ಕಿ ಹೂವು ಜೇನಿಲ್ಲದೆ ಕಾಯಿ ಕಟ್ಟುವುದು ಬಲು ಅಪರೂಪ. ಅದು ಅರಳುವುದೂ ಜೇನು ಸೊರಗುವ ಮಳೆಗಾಲದಲ್ಲಿಯೇ.

ಬರಗಾಲ ಯಾವಾಗ?

ಮಲೆನಾಡಿನಲ್ಲಿ ಫೆಬ್ರವರಿಯಿಂದ ಮೇ ತನಕ ಜೇನಿಗೆ ಸುಗ್ಗಿ. ಕಾಫಿಯ ಜೊತೆಗೆ ನೇರಳೆ, ಹೊಂಗೆ, ಮತ್ತಿ ಮೊದಲಾದ ಮರಗಳು ಹೂ ಬಿಡುತ್ತವೆ. ಮುಂಗಾರು ಹಿಡಿದ ಮೇಲೆ ಹೂವೂ ಇಲ್ಲ, ಹಾರಾಡಲು ಬಿಸಿಲೂ ಇಲ್ಲ. ಹೆಜ್ಜೇನು ಬಯಲುಸೀಮೆಯ ಕಡೆ ವಲಸೆ ಹೋಗುತ್ತದೆ. ತುಡುವೆ ಮತ್ತು ಮಿಸರೆ ಇಲ್ಲಿಯೇ ಉಳಿದು ಹಸಿವನ್ನು ತಡೆದುಕೊಳ್ಳಬೇಕು. ಪೆಟ್ಟಿಗೆ ಇಟ್ಟವರು ಸಕ್ಕರೆ ಪಾಕ ಕೊಡುತ್ತಾರೆ. ಪೊಟರೆಯ ಕುಟುಂಬಕ್ಕೆ ಕೊಡುವವರಾರು? ಸೊರಗಿದ ಕುಟುಂಬ ಗೂಡು ಬಿಟ್ಟು ಹೋಗುತ್ತದೆ, ಇಲ್ಲವೇ ಹೂಮಳೆಯ ಹೊತ್ತಿಗೆ ಕೆಲಸಗಾರರಿಲ್ಲದೆ ನಿಲ್ಲುತ್ತದೆ.

1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ರೋಗ ದಕ್ಷಿಣ ಭಾರತಕ್ಕೆ ಹಬ್ಬಿ ತುಡುವೆ ಪೆಟ್ಟಿಗೆಗಳಲ್ಲಿ ಬಹುಪಾಲು ಖಾಲಿಯಾದುದನ್ನು ಹಿರಿಯ ಬೆಳೆಗಾರರು ಮರೆತಿಲ್ಲ. ರೋಗವನ್ನು ತಡೆಯುವುದು ನಮ್ಮ ಕೈಯಲ್ಲಿಲ್ಲ. ಉಪವಾಸವನ್ನು ತಡೆಯುವುದು ಸ್ವಲ್ಪಮಟ್ಟಿಗಾದರೂ ನಮ್ಮ ಕೈಯಲ್ಲಿದೆ. ಹಿಂದೆ ಈ ಕೆಲಸವನ್ನು ಬೇಲಿಯ ಸಂದು, ಬಾನೆ, ಸೊಪ್ಪಿನ ಬೆಟ್ಟ ತಾವಾಗಿಯೇ ಮಾಡುತ್ತಿದ್ದವು. ಕೂಲಿಯಾಳು ಸಿಗದೆ ಕಳೆನಾಶಕ ಬಂದ ಮೇಲೆ ಕಳೆಯೊಡನೆ ತುಂಬೆಯೂ ಹೋಯಿತು. ಆದ್ದರಿಂದ ಈಗ ಕೈಯಾರೆ ಬಿತ್ತಬೇಕಾಗಿದೆ.

ಯಾವ ಹೂವು, ಯಾವ ಬೀಜ?

ಪೇಟೆಯಲ್ಲಿ ಬಣ್ಣದ ಚಿತ್ರವಿರುವ ‘ಕಾಡುಹೂ’ ಬೀಜದ ಪೊಟ್ಟಣಗಳು ಸಿಗುತ್ತವೆ. ಅವುಗಳಲ್ಲಿ ಹೆಚ್ಚಿನವು ಹೊರದೇಶದ ಹೂಗಳು. ಲಂಟಾನ, ಕಮ್ಯುನಿಸ್ಟ್ ಗಿಡ, ಪಾರ್ಥೇನಿಯಂ ಇವುಗಳಿಂದ ನಾವು ಕಲಿತ ಪಾಠ ಸಾಲದೇ? ನಮ್ಮ ನೆಲದ ಗಿಡದ ಬೀಜವನ್ನು ನಮ್ಮ ಬೇಲಿಯಿಂದಲೇ ಆರಿಸಿಕೊಳ್ಳುವುದು ಲೇಸು. ಖರ್ಚೂ ಇಲ್ಲ.

ಕರ್ಣಕುಂಡಲ: ಮಳೆಗಾಲದಲ್ಲಿಯೇ ಹೂ ಬಿಡುವ ಗಿಡವಾದ್ದರಿಂದ ಮೊದಲ ಸ್ಥಾನ ಇದಕ್ಕೆ. ಹೂವಿನ ಹಿಂದಿನ ಬಾಲದಲ್ಲಿ ಮಧುವಿರುತ್ತದೆ. ಕಾಯಿ ಬಲಿತಾಗ ಮುಟ್ಟಿದರೆ ಸಿಡಿದು ಬೀಜ ಚೆಲ್ಲುತ್ತದೆ. ಆದ್ದರಿಂದ ಕಾಯಿ ಉಬ್ಬಿ ಹಸಿರು ಮಾಸುವಾಗಲೇ ಅಂಗೈ ಮುಚ್ಚಿ ಕೀಳಬೇಕು, ಇಲ್ಲವೇ ತೆಳು ಬಟ್ಟೆಯ ಚೀಲ ಕಟ್ಟಬೇಕು. ರೋಹಿಣಿ ಮಳೆಗೆ ಬಿತ್ತಿರಿ. ಸ್ವಲ್ಪ ನೆರಳಾದರೂ ನಡೆಯುತ್ತದೆ, ನೀರು ನಿಲ್ಲಬಾರದು.

ತುಂಬೆ: ಶಿವಪೂಜೆಗೆ ಕೊಯ್ಯುವ ಈ ಪುಟ್ಟ ಬಿಳಿ ಹೂವು ತುಡುವೆಗೂ ಮಿಸರೆಗೂ ಅಚ್ಚುಮೆಚ್ಚು. ಮಳೆ ಇಳಿದ ಮೇಲೆ ಹೂ ಬಿಡಲು ತೊಡಗುತ್ತದೆ. ಒಣಗಿದ ಗೊಂಚಲುಗಳನ್ನು ಕತ್ತರಿಸಿ ಮೊರದ ಮೇಲೆ ಕೊಡವಿದರೆ ಬೀಜ ಉದುರುತ್ತದೆ. ಮಘೆ, ಹುಬ್ಬೆ ಮಳೆಯ ನಡುವೆ ಬಿಸಿಲು ಬೀಳುವ ಜಾಗದಲ್ಲಿ ಬಿತ್ತಬೇಕು.

ಗಿಲಕಿ ಗಿಡ: ಸೆಣಬಿನ ಜಾತಿಯ ಹಳದಿ ಹೂವು. ಕಾಯಿ ಅಲ್ಲಾಡಿಸಿದಾಗ ಗಿಲಿಗಿಲಿ ಎಂದರೆ ಬೀಜ ಬಲಿತಿದೆಯೆಂದು ತಿಳಿಯಬೇಕು. ಈ ಹೂವಿನ ಬಾಗಿಲು ತೆರೆಯಲು ಭಾರದ ದುಂಬಿಯೇ ಬೇಕು. ಬೇರು ಮಣ್ಣಿಗೆ ಸಾರಜನಕ ಕೊಡುತ್ತದೆ. ಆದರೆ ದನಕರುಗಳಿಗೆ ಇದು ವಿಷ. ಮೇವಿಗೆ ಸಿಗದಂತೆ ನೋಡಿಕೊಳ್ಳಬೇಕು. ಇದನ್ನೂ ಮಘೆ ಮಳೆಗೇ ಬಿತ್ತಬಹುದು.

ತುಳಸಿ: ತೆನೆ ಕಂದು ಬಣ್ಣಕ್ಕೆ ಬಂದಾಗ ಉಜ್ಜಿ ಬೀಜ ತೆಗೆಯಿರಿ. ಹೂ ಮುಗಿದ ತುದಿಗಳನ್ನು ಆಗಾಗ ಚಿವುಟಿದರೆ ಮತ್ತೆ ಮತ್ತೆ ತೆನೆ ಬಿಡುತ್ತದೆ.

ನೆಕ್ಕರಿಕ: ಹಣ್ಣು ತಿಂದು ನಾಲಿಗೆ ಕಪ್ಪಾಗಿಸಿಕೊಂಡವರಿಗೆ ಪರಿಚಯ ಹೇಳಬೇಕಿಲ್ಲ. ಇದರಲ್ಲಿ ಮಧುವಿಲ್ಲ, ಪರಾಗ ಮಾತ್ರ. ಅದೂ ಕೇಸರದ ತುದಿಯ ರಂಧ್ರದೊಳಗೆ. ದುಂಬಿಗಳು ಹೂವನ್ನು ಹಿಡಿದು ಝೇಂಕರಿಸಿ ಪರಾಗ ಉದುರಿಸಿಕೊಳ್ಳುತ್ತವೆ. ಹಣ್ಣನ್ನು ನೀರಿನಲ್ಲಿ ಕಿವುಚಿ, ಧೂಳಿನಂಥ ಬೀಜವನ್ನು ತೊಳೆದು, ತೇವವಿರುವ ಕುಂಡದ ಮೇಲ್ಮಣ್ಣಿನಲ್ಲಿ ಉದುರಿಸಬೇಕು. ಇದಕ್ಕೆ ತಾಳ್ಮೆ ಬೇಕು.

ಗುರಿಗೆ ಹೂವಿನ ಮಾತು ಕೆಲವರು ಎತ್ತಬಹುದು. ಗುರಿಗೆ ಅರಳಿದ ವರ್ಷ ಜೇನಿಗೆ ಹಬ್ಬವೇ ಸರಿ. ಆದರೆ ಆ ಕುಲದ ಹಲವು ಜಾತಿಗಳು ಎಷ್ಟೋ ವರ್ಷಕ್ಕೊಮ್ಮೆ ಅರಳುವಂಥವು. ಮುನ್ನಾರಿನ ನೀಲಕುರಿಂಜಿ 2006ರ ನಂತರ ಅರಳಿದ್ದು 2018ರಲ್ಲಿ. ಅದನ್ನು ಬೆಟ್ಟದಲ್ಲಿ ಉಳಿಸಬೇಕು. ಪ್ರತಿ ವರ್ಷದ ಹಸಿವಿಗೆ ಪ್ರತಿ ವರ್ಷದ ಹೂವೇ ಆಗಬೇಕು.

ಬೀಜದ ಜೋಪಾನ

ಒಂದೇ ಗಿಡದಿಂದ ಬೀಜವನ್ನೆಲ್ಲ ಬರಿದು ಮಾಡಬಾರದು. ಹತ್ತಾರು ಗಿಡಗಳಿಂದ ಸ್ವಲ್ಪ ಸ್ವಲ್ಪ ತೆಗೆದು, ಹೆಚ್ಚಿನ ಪಾಲನ್ನು ಅಲ್ಲಿಯೇ ಬಿಡಬೇಕು. ನಮ್ಮ ಕಡೆ ಬೀಜದ ಶತ್ರು ಮಳೆಗಾಲದ ಥಂಡಿ. ನೆರಳಿನಲ್ಲಿ ಚೆನ್ನಾಗಿ ಒಣಗಿಸಿ, ಕಾಗದದಲ್ಲಿ ಸುತ್ತಿ, ತಳದಲ್ಲಿ ಒಣ ಬೂದಿ ಹಾಕಿದ ಗಾಜಿನ ಸೀಸೆಯಲ್ಲಿಟ್ಟು ಬಿರಡೆ ಬಿಗಿಯಬೇಕು. ಹೆಸರು, ತಿಂಗಳು ಬರೆದಿಡಲು ಮರೆಯಬಾರದು.

ಬಿತ್ತುವ ಮುನ್ನ 20 ಬೀಜಗಳನ್ನು ಒದ್ದೆ ಬಟ್ಟೆಯಲ್ಲಿ ಮಡಚಿಟ್ಟು ನೋಡಿರಿ. ಹತ್ತು ಮೊಳೆತರೆ ಸಾಕಷ್ಟಾಯಿತು. ಐದೇ ಮೊಳೆತರೆ ಬೀಜದ ಪ್ರಮಾಣ ಎರಡು ಪಟ್ಟು ಮಾಡಿರಿ. ಗಿಲಕಿಯಂಥ ಗಟ್ಟಿ ಸಿಪ್ಪೆಯ ಬೀಜವನ್ನು ಒರಟು ಮರಳಿನೊಡನೆ ಉಜ್ಜಿ, ಒಂದು ರಾತ್ರಿ ನೀರಿನಲ್ಲಿ ನೆನೆಸಿದರೆ ಬೇಗ ಮೊಳೆಯುತ್ತದೆ.

ಜಾಗ ಮತ್ತು ಬಿತ್ತನೆ

ಅರ್ಧ ಗುಂಟೆ, ಎಂದರೆ ಸುಮಾರು 33 ಅಡಿ ಉದ್ದ, 16 ಅಡಿ ಅಗಲದ ಜಾಗ ಆರಂಭಕ್ಕೆ ಸಾಕು. ಕಣದ ಅಂಚು, ಕೆರೆಯ ಏರಿ, ದಾರಿಯ ಬದಿ ಯಾವುದಾದರೂ ಆದೀತು. ಮುಖ್ಯವಾಗಿ ಬಿಸಿಲು ಬೇಕು. ದಟ್ಟ ನೆರಳಿನಲ್ಲಿ ತುಂಬೆ ಹೂ ಕಟ್ಟುವುದಿಲ್ಲ. ಗೊಬ್ಬರ ಹಾಕುವ ಅಗತ್ಯವಿಲ್ಲ. ಹಾಕಿದರೆ ಹುಲ್ಲು ಮೇಲೆದ್ದು ಹೂಗಿಡವನ್ನು ನುಂಗುತ್ತದೆ. ಹುಲ್ಲನ್ನು ಬೇರುಸಹಿತ ಕಿತ್ತು, ಮಣ್ಣನ್ನು ಕೈಗುದ್ದಲಿಯಿಂದ ಕೆದರಿ, ಒಂದು ಹಿಡಿ ಬೀಜಕ್ಕೆ ಹತ್ತು ಹಿಡಿ ಮರಳು ಬೆರೆಸಿ ಎರಚಬೇಕು. ಸಣ್ಣ ಬೀಜಕ್ಕೆ ಮಣ್ಣು ಮುಚ್ಚದೆ ಹಲಗೆಯಿಂದ ಒತ್ತಿದರೆ ಸಾಕು. ಇಳಿಜಾರಿನಲ್ಲಿ ಮಳೆಗೆ ಕೊಚ್ಚಿಹೋಗದಂತೆ ತೆಳುವಾಗಿ ದರಗು ಹರಡಬೇಕು. ಸುತ್ತ ಲಕ್ಕಿ, ಆಡುಸೋಗೆಯ ಕಡ್ಡಿ ಊರಿದರೆ ಬೇಲಿಯೂ ಆಯಿತು, ಹೂವೂ ಆಯಿತು.

ಒಂದು ಮೂಲೆಯಲ್ಲಿ ಎರಡು ಮಾರು ನೆಲವನ್ನು ಬೋಳಾಗಿಯೇ ಬಿಡಿರಿ. ಪೆಟ್ಟಿಗೆ ಸೇರದ ಎಷ್ಟೋ ಒಂಟಿ ಜೇನುಗಳು ನೆಲ ಕೊರೆದು ಗೂಡು ಮಾಡುತ್ತವೆ. ದುಂಬಿಗೆ ಒಣ ಮರದ ತುಂಡು ಬೇಕು. ಬೇಸಿಗೆಯಲ್ಲಿ ಕಲ್ಲು ಹಾಕಿದ ತಟ್ಟೆಯಲ್ಲಿ ನೀರಿಟ್ಟರೆ ಇನ್ನೂ ಒಳ್ಳೆಯದು.

ಎರಡು ಸಂದೇಹಗಳು

ಹೂದೋಟದ ಆಸೆಗೆ ಜೇನು ಕಾಫಿಯನ್ನು ಬಿಟ್ಟೀತೇ ಎಂದು ಕೇಳುವವರುಂಟು. ಮೇಲೆ ಹೇಳಿದ ಗಿಡಗಳ ಮುಖ್ಯ ಹಂಗಾಮು ಜೂನ್‌ನಿಂದ ಜನವರಿ ತನಕ. ಕಾಫಿ ಅರಳುವಾಗ ಅವುಗಳಲ್ಲಿ ಹೆಚ್ಚಿನವು ಬೀಜಕ್ಕೆ ಬಂದಿರುತ್ತವೆ. ಉಳಿದ ನಾಲ್ಕು ಹೂವು ಎಕರೆಗಟ್ಟಲೆ ಕಾಫಿಯ ಮುಂದೆ ಲೆಕ್ಕಕ್ಕಿಲ್ಲ.

ಇದು ಕಳೆ ಸಾಕಿದಂತಾಗದೇ ಎಂಬುದು ಇನ್ನೊಂದು ಸಂದೇಹ. ಇವುಗಳಲ್ಲಿ ಹೆಚ್ಚಿನವು ಕತ್ತಿಗೆ, ಕೈಗೆ ಬಗ್ಗುವ ಗಿಡಗಳು. ನೆಕ್ಕರಿಕವನ್ನು ಮಾತ್ರ ಸವರುತ್ತಿರಬೇಕು. ತೋಟದ ಕಳೆ ಸವರುವಾಗಲೂ ಒಮ್ಮೆಗೇ ಎಲ್ಲವನ್ನೂ ಬೋಳಿಸದೆ ಒಂದು ಪಟ್ಟಿ ಬಿಟ್ಟು ಒಂದು ಪಟ್ಟಿ ಸವರಿದರೆ, ಹೂವು ಪೂರ್ತಿ ಇಲ್ಲವಾಗುವುದಿಲ್ಲ. ಕೀಟನಾಶಕವನ್ನು ಹೂವಿನ ಸಮಯದಲ್ಲಿ ಸಿಂಪಡಿಸಲೇಬಾರದು. ಬೇರೆ ವೇಳೆ ಅನಿವಾರ್ಯವಾದರೆ ಜೇನು ಗೂಡು ಸೇರಿದ ಸಂಜೆಯ ಮೇಲೆ ಹೊಡೆಯಬೇಕು.

ಹೂದೋಟ ಮಾಡಿದೊಡನೆ ಮುಂದಿನ ವರ್ಷವೇ ಫಸಲು ಇಮ್ಮಡಿಯಾದೀತೆಂದು ನಾವು ಹೇಳುತ್ತಿಲ್ಲ. ಮಳೆ, ನೆರಳು, ಗೊಬ್ಬರ, ಕಸಿ ಎಲ್ಲವೂ ಕೂಡಿ ಬರಬೇಕು. ಆದರೆ ಹೂಮಳೆ ಸಕಾಲಕ್ಕೆ ಬಿದ್ದು, ಹೂವು ತುಂಬಿ ಅರಳಿ, ಪರಾಗ ಒಯ್ಯುವವರಿಲ್ಲದೆ ಉದುರಿದರೆ ಆ ನಷ್ಟವನ್ನು ಯಾವ ಗೊಬ್ಬರವೂ ತುಂಬಲಾರದು.

ತುಡುವೆ ಸಾಮಾನ್ಯವಾಗಿ ಒಂದು ಕಿಲೋಮೀಟರಿನ ಆಸುಪಾಸಿನಲ್ಲಿ ಮೇಯುತ್ತದೆ. ಮಿಸರೆಯ ಹಾರಾಟ ಇನ್ನೂ ಹತ್ತಿರ. ಅದಕ್ಕೆ ತೋಟದ ಸರಹದ್ದು ಗೊತ್ತಿಲ್ಲ. ಒಬ್ಬರ ಅರ್ಧ ಗುಂಟೆಯಿಂದ ಆಗುವುದು ಅಲ್ಪ. ಒಂದು ಊರಿನ ಹತ್ತು ಮನೆಯವರು ಹತ್ತು ಅರ್ಧ ಗುಂಟೆ ಬಿತ್ತಿದರೆ ಮಳೆಗಾಲವಿಡೀ ಎಲ್ಲಾದರೊಂದು ಕಡೆ ಹೂವು ಇರುತ್ತದೆ. ಸಂಘಕ್ಕೆ ಬರುವಾಗ ಸದಸ್ಯರು ತಮ್ಮಲ್ಲಿ ಹೆಚ್ಚಾದ ಬೀಜವನ್ನು ಪೊಟ್ಟಣ ಕಟ್ಟಿ ತಂದು, ತಮ್ಮಲ್ಲಿಲ್ಲದ್ದನ್ನು ಒಯ್ದರೆ ಚೆನ್ನು. ತುಂಬೆಯ ಗೊಂಚಲು ಒಣಗುವ ಹೊತ್ತಿಗೆ ಒಂದು ಚೀಲ ಹಿಡಿದು ಬೇಲಿಯ ಉದ್ದಕ್ಕೂ ನಡೆದು ಬನ್ನಿರಿ.