ಕಬ್ಬಿನ ಸೀಮೆಯೂ ಕೃತಕ ಇಂಧನವೂ

ಕೃಷ್ಣಾನದಿಗೆ ಹಿಪ್ಪರಗಿಯಲ್ಲಿ ಬ್ಯಾರೇಜು ಇದೆ. ಸುತ್ತಲಿನ ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿಗಳ ಸೀಮೆಯು ಕಬ್ಬಿಗೆ ಹೆಸರಾದುದು. ಇಲ್ಲಿನ ಕಾರ್ಖಾನೆಗಳಲ್ಲಿ ಸಕ್ಕರೆಯ ಜೊತೆಗೆ ಎಥನಾಲೂ ತಯಾರಾಗುತ್ತದೆ. ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥನಾಲನ್ನು ಬೆರೆಸುವ ಗುರಿಯನ್ನು ದೇಶವು 2025ರಲ್ಲಿ ಮುಟ್ಟಿತು. ಆದರೆ ಎಥನಾಲಿನ ಜೊತೆಯಲ್ಲಿಯೇ ಹುಟ್ಟುವ ಇನ್ನೊಂದು ಪದಾರ್ಥವನ್ನು ಕುರಿತು ಇಲ್ಲಿ ವಿಚಾರಿಸುತ್ತೇವೆ.

ಕಾಕಂಬಿ ಅಥವಾ ಕಬ್ಬಿನ ರಸವು ಹುದುಗುವಾಗ 46 ಕಿಲೋಗ್ರಾಂ ಎಥನಾಲಿಗೆ 44 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡು ಹೊರಬೀಳುತ್ತದೆ. ಹೊಗೆಕೊಳವೆಯ ಅನಿಲದಂತೆ ಇದು ಸಾರಜನಕದೊಡನೆ ಬೆರೆತಿರುವುದಿಲ್ಲ, ಬಹುಮಟ್ಟಿಗೆ ಶುದ್ಧ. ಅಲ್ಲದೆ, ಕಬ್ಬು ಬೆಳೆಯುವಾಗ ವಾಯುಮಂಡಲದಿಂದಲೇ ಇದನ್ನು ಹೀರಿಕೊಂಡಿರುತ್ತದೆ. ಇದರಿಂದ ಮಾಡಿದ ಇಂಧನವನ್ನು ಉರಿಸಿದರೆ, ಪಡೆದುದನ್ನು ಗಾಳಿಗೆ ಮರಳಿಸಿದಂತಾಗುತ್ತದೆ. ಕಲ್ಲಿದ್ದಲಿನ ಹೊಗೆಗೆ ಈ ಮಾತು ಸಲ್ಲದು.

44 ಕಿಲೋಗ್ರಾಂ ಅನಿಲವನ್ನು 6 ಕಿಲೋಗ್ರಾಂ ಜಲಜನಕದೊಡನೆ ಒತ್ತಡದಲ್ಲಿ, ತಾಮ್ರದ ವೇಗವರ್ಧಕದ ಮೇಲೆ ಹಾಯಿಸಿದರೆ 32 ಕಿಲೋಗ್ರಾಂ ಮೆಥನಾಲೂ 18 ಕಿಲೋಗ್ರಾಂ ನೀರೂ ದೊರೆಯುತ್ತವೆ. ಇದು ಕೇವಲ ಊಹೆಯಲ್ಲ. ಐಸ್‌ಲೆಂಡಿನಲ್ಲಿ ಭೂಶಾಖದ ವಿದ್ಯುದಾಗಾರದ ಅನಿಲದಿಂದ ಮೆಥನಾಲನ್ನು ತಯಾರಿಸುವ ಸ್ಥಾವರವನ್ನು ಕಳೆದ ದಶಕದ ಆರಂಭದಲ್ಲಿಯೇ ಸ್ಥಾಪಿಸಲಾಯಿತು.

ಹಾಗಾದರೆ ತೊಡಕೆಲ್ಲಿದೆ? ಜಲಜನಕದಲ್ಲಿ. ನೀರನ್ನು ವಿಭಜಿಸಿ ಒಂದು ಕಿಲೋಗ್ರಾಂ ಜಲಜನಕವನ್ನು ಪಡೆಯಲು ಸುಮಾರು 50 ಯೂನಿಟ್ಟು ವಿದ್ಯುತ್ತು ಬೇಕು. 6 ಕಿಲೋಗ್ರಾಮಿಗೆ 300 ಯೂನಿಟ್ಟು. ದೊರೆತ ಮೆಥನಾಲಿನಲ್ಲಿರುವ ಶಕ್ತಿಯಾದರೋ ಸುಮಾರು 175 ಯೂನಿಟ್ಟು. ಎಂಜಿನ್ನಿನಲ್ಲಿ ಅದರ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಚಕ್ರಕ್ಕೆ ತಲುಪುವುದು ಅಪರೂಪ. ಅದೇ 300 ಯೂನಿಟ್ಟನ್ನು ಬ್ಯಾಟರಿಯ ವಾಹನಕ್ಕೆ ನೇರವಾಗಿ ಕೊಟ್ಟರೆ 200ಕ್ಕೂ ಮಿಕ್ಕಿ ಚಕ್ರಕ್ಕೆ ಸಲ್ಲುತ್ತದೆ. ಆ ವಿದ್ಯುತ್ತು ಕಲ್ಲಿದ್ದಲಿನದಾಗಿದ್ದರಂತೂ ಇಡೀ ಪ್ರಯತ್ನವೇ ವ್ಯರ್ಥ. ಆದುದರಿಂದ ಪಂಪ್‌ಸೆಟ್ಟಿಗೂ ಮೋಟಾರು ಬೈಕಿಗೂ ಕೃತಕ ಇಂಧನ ತಕ್ಕುದಲ್ಲ. ಬ್ಯಾಟರಿಯ ಭಾರವನ್ನು ಹೊರಲಾರದ ಹಡಗು, ವಿಮಾನಗಳಿಗೆ ಅದನ್ನು ಮೀಸಲಿಡುವುದೇ ವಿವೇಕ.

ನೀರಿನ ವಿಷಯವನ್ನೂ ನೋಡೋಣ. ಈ 6 ಕಿಲೋಗ್ರಾಂ ಜಲಜನಕಕ್ಕಾಗಿ ವಿಭಜಿಸಬೇಕಾದ ನೀರು 54 ಲೀಟರು. ಒಂದೇ ಕಿಲೋಗ್ರಾಂ ಕಬ್ಬನ್ನು ಬೆಳೆಯಲು ನೂರಾರು ಲೀಟರು ಬೇಕಾಗಬಹುದು. ನದಿಗೆ ಭಾರವಾಗುವುದು ಸ್ಥಾವರವಲ್ಲ, ಬೆಳೆ. ಅತಿಯಾದ ನೀರಾವರಿಯಿಂದ ಭೂಮಿ ಸವುಳಾಗುವ ಕಷ್ಟವನ್ನು ಈ ಭಾಗದ ರೈತರು ಬಲ್ಲರು. ಹೊಸ ಇಂಧನದ ಹೆಸರಿನಲ್ಲಿ ಕಬ್ಬಿನ ಕ್ಷೇತ್ರವನ್ನು ವಿಸ್ತರಿಸಿದರೆ, ಗಾಳಿಗೆ ಮಾಡಿದ ಉಪಕಾರವನ್ನು ಮಣ್ಣಿನಿಂದ ವಸೂಲು ಮಾಡಿದಂತಾದೀತು.

2070ರೊಳಗೆ ಇಂಗಾಲದ ಜಮಾಖರ್ಚನ್ನು ಸರಿದೂಗಿಸುವೆವೆಂದು ಭಾರತವು 2021ರಲ್ಲಿ ಗ್ಲಾಸ್ಗೋದಲ್ಲಿ ಘೋಷಿಸಿತು. ಆ ಲೆಕ್ಕದಲ್ಲಿ ಈ ಸೀಮೆಯ ಪಾತ್ರ ಸಣ್ಣದಲ್ಲ. ಆದರೆ ಅದು ಈಗಾಗಲೇ ಬೆಳೆಯುತ್ತಿರುವ ಕಬ್ಬಿನ ಅನಿಲಕ್ಕೂ ಹೊಸದಾಗಿ ದುಡಿಸಿಕೊಳ್ಳಬೇಕಾದ ಬಿಸಿಲಿಗೂ ಸೀಮಿತವಾಗಿರಬೇಕೆಂಬುದು ನಮ್ಮ ಅಭಿಪ್ರಾಯ.