ಮೂರು ಹಂತದಲ್ಲಿ ಬೆಳೆದ ಕೆಂಪು ಮನೆ

ವೇಲ್ಸ್‌ನ ರಾಜಧಾನಿ ಕಾರ್ಡಿಫ್‌ನ ಪಶ್ಚಿಮದ ಅಂಚಿನಲ್ಲಿ ಸೇಂಟ್ ಫ್ಯಾಗನ್ಸ್ ಎಂಬ ಹಳ್ಳಿಯಿದೆ. ಅಲ್ಲಿನ ರಾಷ್ಟ್ರೀಯ ಇತಿಹಾಸ ವಸ್ತುಸಂಗ್ರಹಾಲಯದ ತೆರೆದ ಆವರಣದಲ್ಲಿ ಗೋಡೆಗೆ ಗಾಢ ಕೆಂಪು ಬಳಿದ, ಮಾಡಿಗೆ ಹುಲ್ಲು ಹೊದಿಸಿದ ರೈತರ ಮನೆಯೊಂದು ನಿಂತಿದೆ. ಅದರ ಹೆಸರು ಕೆನಿಕ್ಸ್‌ಟನ್. ಕೆಂಪು ಬಣ್ಣ ಕೆಟ್ಟ ಶಕ್ತಿಗಳನ್ನು ಮನೆಯ ಹತ್ತಿರ ಸುಳಿಯಗೊಡುವುದಿಲ್ಲ ಎಂಬುದು ಹಿಂದಿನವರ ನಂಬಿಕೆ. ಬಾಗಿಲ ಬಳಿಯ ಕೆತ್ತನೆಯ ಬೊಂಬೆಗಳಿಗೂ ತೋಟದ ರೋವನ್ ಮರದ ಕೆಂಪು ಹಣ್ಣುಗಳಿಗೂ ಅದೇ ಕಾವಲು ಕೆಲಸ.

ಈ ಮನೆ ಹುಟ್ಟಿದ್ದು ಇಲ್ಲಲ್ಲ. ದಕ್ಷಿಣ ವೇಲ್ಸ್‌ನಲ್ಲಿ ಸಮುದ್ರಕ್ಕೆ ಚಾಚಿಕೊಂಡಿರುವ ಗವರ್ ಪರ್ಯಾಯ ದ್ವೀಪದ ಲ್ಯಾಂಗೆನಿತ್ ಊರಿನಲ್ಲಿ 1610ರಲ್ಲಿ ಇದರ ಮೊದಲ ಭಾಗ ಎದ್ದಿತು. ಕೆಳಗೊಂದು ಕೋಣೆ, ಮೇಲೊಂದು ಮಲಗುವ ಕೋಣೆ, ಅಷ್ಟೇ. ಅಡುಗೆ, ಊಟ, ಚಳಿ ಕಾಯಿಸುವುದು, ಬಂದವರೊಡನೆ ಮಾತು ಎಲ್ಲವೂ ಕೆಳಗಿನ ಕೋಣೆಯ ಒಲೆಯ ಸುತ್ತಲೇ ನಡೆಯಬೇಕಿತ್ತು. 17ನೆಯ ಶತಮಾನದ ಕೊನೆಯ ಭಾಗದಲ್ಲಿ ಹಿಂದುಗಡೆ ಅಡುಗೆಮನೆ ಸೇರಿತು. 18ನೆಯ ಶತಮಾನದ ನಡುವೆ ಮನೆ ಇನ್ನೊಮ್ಮೆ ಬೆಳೆಯಿತು. ಹೀಗೆ ಒಂದೂವರೆ ಶತಮಾನದಷ್ಟು ಕಾಲದಲ್ಲಿ, ಮೂರು ಹಂತಗಳಲ್ಲಿ ಕೆನಿಕ್ಸ್‌ಟನ್ ಈಗಿನ ರೂಪಕ್ಕೆ ಬಂತು.

ಒಲೆಯ ಜಾಗ ಬದಲಾದರೆ ಮನೆಯೇ ಬದಲಾಗುತ್ತದೆ ಎಂಬುದು ವೇಲ್ಸ್‌ನ ಹಳೆಯ ಮನೆಗಳು ಹೇಳುವ ಮುಖ್ಯ ಮಾತು. ಅದನ್ನು ಅರಿಯಲು ಇದೇ ಆವರಣದ ಹೆಂಡ್ರೆರ್ ಅವಿದ್ ಮನೆಯನ್ನು ನೋಡಬೇಕು. ಉತ್ತರದ ಡೆನ್‌ಬಿಶೈರ್‌ನಿಂದ ಬಂದ ಈ ಮನೆಯ ಮರಗಳನ್ನು ಕಡಿದದ್ದು 1508ರಲ್ಲಿ ಎಂದು ದಿಮ್ಮಿಗಳೊಳಗಿನ ಬೆಳವಣಿಗೆಯ ಉಂಗುರಗಳಿಂದ ಗೊತ್ತಾಗಿದೆ. ಬಾಗಿದ ದಿಮ್ಮಿಗಳ ಜೋಡಿಗಳೇ ಮಾಡನ್ನು ಹೊತ್ತಿವೆ. ಐದು ಅಂಕಣಗಳಲ್ಲಿ ಕೆಳಗಿನ ಎರಡು ದನಕರುಗಳಿಗೆ, ಉಳಿದವು ಮನುಷ್ಯರಿಗೆ. ಕಿಟಕಿಗೆ ಗಾಜಿಲ್ಲ, ಹೊಗೆ ಹೋಗಲು ಚಿಮಣಿಯಿಲ್ಲ, ಬೆಂಕಿ ನೆಲದ ನಡುವೆ. ಹೊಗೆ ಮಾಡಿನವರೆಗೂ ತುಂಬಿಕೊಳ್ಳುತ್ತಿದ್ದುದರಿಂದ ಬೆಂಕಿಯ ಮೇಲ್ಭಾಗದಲ್ಲಿ ಅಂತಸ್ತು ಹಾಕುವಂತಿರಲಿಲ್ಲ. ಮುಂದೆ ಕಲ್ಲಿನ ಚಿಮಣಿ ಬಂದು ಹೊಗೆಗೆ ದಾರಿಯಾದ ಮೇಲೆಯೇ ಮಹಡಿ ಸಾಧ್ಯವಾಯಿತು. 16 ಮತ್ತು 17ನೆಯ ಶತಮಾನಗಳಲ್ಲಿ ವೇಲ್ಸ್‌ನ ಉದ್ದಗಲಕ್ಕೂ ರೈತರು ತಮ್ಮ ಹಳೆಯ ಮನೆಗಳ ಒಳಗೆ ಚಿಮಣಿ ಎಬ್ಬಿಸಿ, ಅಟ್ಟ ಕಟ್ಟಿಕೊಂಡರು. 1610ರ ಕೆನಿಕ್ಸ್‌ಟನ್‌ಗೆ ಮೊದಲ ದಿನದಿಂದಲೇ ಮೇಲಿನ ಕೋಣೆ ಇದ್ದದ್ದು ಈ ಬದಲಾವಣೆಯ ಫಲ.

ಕಿಲೆವೆಂಟ್ ಎಂಬ ಇನ್ನೊಂದು ಮನೆಯದು ಬೇರೆಯೇ ಕಥೆ. ಮಧ್ಯ ವೇಲ್ಸ್‌ನ ಗುಡ್ಡಗಳಿಂದ ಬಂದ ಅದರ ಮರದ ಚೌಕಟ್ಟು 15ನೆಯ ಶತಮಾನದ್ದು, ಕಲ್ಲಿನ ಗೋಡೆ ಬಹುಪಾಲು 1734ರದ್ದು. ಗೋಡೆ ಹೊಸದಾದರೂ ಪದ್ಧತಿ ಹಳೆಯದೇ ಉಳಿಯಿತು. ಅಲ್ಲಿ ಜನಕ್ಕೂ ದನಕ್ಕೂ ಒಂದೇ ಸೂರು.

ಈ ಮನೆಗಳನ್ನೆಲ್ಲ ಇಲ್ಲಿಗೆ ತಂದ ಸಂಸ್ಥೆಯ ಹಿಂದಿನ ಶಕ್ತಿ ಯೋರ್ವರ್ತ್ ಪೀಟ್. ಕವಿ, ವಿದ್ವಾಂಸ. ವೇಲ್ಸ್‌ನ ಮನೆಗಳ ಬಗ್ಗೆ 1940ರಲ್ಲೇ ಗ್ರಂಥ ಬರೆದವರು. ಸ್ವೀಡನ್ನಿನ ಸ್ಕಾನ್ಸೆನ್ ಮಾದರಿಯ ಬಯಲು ಸಂಗ್ರಹಾಲಯ ತಮ್ಮ ನಾಡಿಗೂ ಬೇಕೆಂದು ಅವರು ಹಟ ಹಿಡಿದರು. ಪ್ಲಿಮತ್ ಅರ್ಲ್ ಮನೆತನ ಕೊಟ್ಟ ಕೋಟೆಮನೆ ಮತ್ತು ಜಮೀನಿನಲ್ಲಿ 1948ರ ಜುಲೈ 1ರಂದು ಅದು ಬಾಗಿಲು ತೆರೆಯಿತು. ಕೆನಿಕ್ಸ್‌ಟನ್ನನ್ನು 1952ರಲ್ಲಿ ಬಿಚ್ಚಿ ತಂದು, ಮತ್ತೆ ಕಟ್ಟಿ, 1955ರಲ್ಲಿ ಜನರ ವೀಕ್ಷಣೆಗೆ ಬಿಟ್ಟರು. ಇಂದು ಆವರಣದಲ್ಲಿ 40ಕ್ಕೂ ಹೆಚ್ಚು ಕಟ್ಟಡಗಳಿವೆ.

ಹಳೆಯ ಮನೆಯನ್ನು ಮತ್ತೆ ಕಟ್ಟುವಾಗ ಅದನ್ನು ಯಾವ ಕಾಲಕ್ಕೆ ನಿಲ್ಲಿಸಬೇಕು ಎಂಬ ಕಠಿಣ ಪ್ರಶ್ನೆ ಏಳುತ್ತದೆ. 1610ರ ಭಾಗವನ್ನಷ್ಟೇ ಉಳಿಸಿ, ಸೇರಿಸಿದ್ದನ್ನೆಲ್ಲ ಕಿತ್ತೆಸೆದಿದ್ದರೆ ಮನೆಯ ಬದುಕಿನ ಬಹುಪಾಲು ಅಳಿಸಿಹೋಗುತ್ತಿತ್ತು. ಕೆನಿಕ್ಸ್‌ಟನ್‌ನಲ್ಲಿ ಮೂರೂ ಹಂತಗಳನ್ನು ಉಳಿಸಿಕೊಂಡು, ಒಳಗಿನ ಪೀಠೋಪಕರಣಗಳನ್ನು 1790ರ ಕಾಲಕ್ಕೆ ಹೊಂದಿಸಿದ್ದಾರೆ. ಮರ್ಥರ್ ಟಿಡ್‌ವಿಲ್‌ನಿಂದ ತಂದ ಕಬ್ಬಿಣದ ಗಣಿ ಕಾರ್ಮಿಕರ ಆರು ಮನೆಗಳ ಸಾಲಿನಲ್ಲಂತೂ 1805ರಿಂದ 1985ರವರೆಗೆ ಒಂದೊಂದು ಮನೆಯಲ್ಲಿ ಒಂದೊಂದು ಕಾಲದ ಸಂಸಾರವಿದೆ. ಇದೇ ಸರಿಯಾದ ದಾರಿ. ಮೊದಲು ಕಟ್ಟಿದವನ ಕೈ ಎಷ್ಟು ಮುಖ್ಯವೋ, ಹಲವು ದಶಕಗಳ ಮೇಲೆ ಹಿತ್ತಲಿಗೊಂದು ಅಡುಗೆಮನೆ ಸೇರಿಸಿದವನ ಕೈಯೂ ಅಷ್ಟೇ ಮುಖ್ಯ. ಹಳೆಯ ಮನೆಯೊಂದನ್ನು ದುರಸ್ತಿಗೆ ಎತ್ತಿಕೊಳ್ಳುವವರು ಈ ಮಾತನ್ನು ಮರೆಯಬಾರದು.

ಬ್ರಿಟನ್ ಪ್ರವಾಸ ಹೊರಟವರು ಲಂಡನ್ನಿಗೇ ನಿಲ್ಲದೆ ಕಾರ್ಡಿಫ್‌ಗೂ ಒಂದು ದಿನ ಇಟ್ಟುಕೊಳ್ಳಲಿ. ನಗರದಿಂದ ಇಲ್ಲಿಗೆ ಬಸ್ಸಿದೆ, ಸಂಗ್ರಹಾಲಯಕ್ಕೆ ಪ್ರವೇಶ ಉಚಿತ.