ಉದ್ಘಾಟನೆ ಮುಗಿದ ಮೇಲೂ ನಡೆಯುವ ಸಂಘ

ಕಾಲೇಜಿನಲ್ಲಿ ಸಂಘವೊಂದನ್ನು ಉದ್ಘಾಟಿಸುವುದು ಸುಲಭ, ಎರಡನೇ ವರ್ಷಕ್ಕೆ ದಾಟಿಸುವುದು ಕಷ್ಟ. ಬ್ಯಾನರು, ದೀಪ, ಸ್ವಾಗತ, ಸ್ಮರಣಿಕೆ, ವಂದನಾರ್ಪಣೆ ಎಲ್ಲವೂ ಸಾಂಗವಾಗಿ ನಡೆದ ಮರುವಾರ ಸದಸ್ಯರಿಗೆ ಮಾಡಲು ಕೆಲಸವೇ ಇರುವುದಿಲ್ಲ. ಬಾಳಿದ ಸಂಘಗಳನ್ನು ನೋಡಿದರೆ ಅವಕ್ಕೆಲ್ಲ ಮತ್ತೆ ಮತ್ತೆ ಮಾಡಬೇಕಾದ ಒಂದು ಖಚಿತ ಕೆಲಸವಿತ್ತು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಎ.ಆರ್. ಕೃಷ್ಣಶಾಸ್ತ್ರಿಗಳು ಕಟ್ಟಿದ ಕರ್ನಾಟಕ ಸಂಘ 1919ರಲ್ಲಿ ‘ಪ್ರಬುದ್ಧ ಕರ್ನಾಟಕ’ವನ್ನು ಹೊರತಂದಿತು. ಕ್ರೈಸ್ಟ್ ಕಾಲೇಜಿನಲ್ಲಿ ಚಿ. ಶ್ರೀನಿವಾಸರಾಜು ಅವರ ಕನ್ನಡ ಸಂಘ ಪುಸ್ತಕ ಪ್ರಕಟಣೆಯನ್ನೂ ವಿದ್ಯಾರ್ಥಿ ಕವಿಗಳ ಸ್ಪರ್ಧೆಯನ್ನೂ ಹಿಡಿದುಕೊಂಡಿತು. ಪತ್ರಿಕೆಯ ಸಂಚಿಕೆ ಬರಬೇಕು, ಪುಸ್ತಕ ಅಚ್ಚಾಗಬೇಕು ಎಂಬ ಹೊಣೆಯೇ ಜನರನ್ನು ಸೇರಿಸುತ್ತಿತ್ತು.

ಹಾಗಾಗಿ ಹೆಸರಿಗಿಂತ ಮೊದಲು ಕೆಲಸವನ್ನು ಆರಿಸಿಕೊಳ್ಳಿ. ಎನ್ಎಸ್ಎಸ್, ರೆಡ್ ರಿಬ್ಬನ್ ಕ್ಲಬ್, ಯುವ ರೆಡ್ ಕ್ರಾಸ್, ಮತದಾರರ ಸಾಕ್ಷರತಾ ಕ್ಲಬ್ ಇವು ಬಹುತೇಕ ಪದವಿ ಕಾಲೇಜುಗಳಲ್ಲಿ ಈಗಾಗಲೇ ಇವೆ. ರಕ್ತದಾನ, ಗ್ರಾಮ ಶಿಬಿರ, ಮತದಾರರ ನೋಂದಣಿ ನಿಮ್ಮ ಮನಸ್ಸಿನಲ್ಲಿದ್ದರೆ ಅಲ್ಲೇ ಸೇರಿಕೊಳ್ಳಿ. ಅದೇ ಕೆಲಸಕ್ಕೆ ಇನ್ನೊಂದು ಸಂಘ ಕಟ್ಟಿದರೆ ಅದೇ ಹುಡುಗ ಹುಡುಗಿಯರು ಎರಡೂ ಕಡೆ ಓಡಾಡಬೇಕಾಗುತ್ತದೆ.

ಕೊಡಗಿನ ಸೋಮವಾರಪೇಟೆಯಂಥ ಊರಿನ ಕಾಲೇಜಿಗೆ ಯಾವ ಕೆಲಸ ಒಗ್ಗುತ್ತದೆ? ನನ್ನ ಮಟ್ಟಿಗೆ ಉತ್ತರ ಮಳೆ. ಕೊಡಗಿನಲ್ಲಿ ಇಬ್ಬರು ಬೆಳೆಗಾರರು ಎದುರಾದರೆ ಮೊದಲ ಪ್ರಶ್ನೆಯೇ “ನಿಮ್ಮ ಕಡೆ ಎಷ್ಟು ಇಂಚು?” ಎಂಬುದು. ಹೂಮಳೆ ಬಂತೇ, ಆಮೇಲಿನ ಮಳೆ ಕೈಕೊಟ್ಟಿತೇ ಎಂಬುದರ ಮೇಲೆ ಕಾಫಿ ಫಸಲು ನಿಂತಿದೆ. ಎಷ್ಟೋ ತೋಟಗಳಲ್ಲಿ ಮಳೆಯ ಲೆಕ್ಕ ಬರೆದಿಡುವ ರೂಢಿಯಿದೆ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಜರಿದ ಮೇಲೆ ಈ ಲೆಕ್ಕದ ಬೆಲೆ ಬೆಳೆಗಾರರಲ್ಲದವರಿಗೂ ತಿಳಿದಿದೆ. ಇಂಥ ನೆಲದ ಕಾಲೇಜಿನಲ್ಲಿ ಪ್ರಕೃತಿ ವೀಕ್ಷಣಾ ಸಂಘ ಕಟ್ಟಿ, ಅದರ ನಿತ್ಯದ ಕೆಲಸವಾಗಿ ಮಳೆಮಾಪಕವೊಂದನ್ನು ನೋಡಿಕೊಳ್ಳಬಹುದು.

ಮಾಪಕ ನಿಲ್ಲಿಸುವುದಕ್ಕೂ ಕ್ರಮವಿದೆ. ಹತ್ತಿರದ ಮರ ಅಥವಾ ಕಟ್ಟಡ ಎಷ್ಟು ಎತ್ತರವಿದೆಯೋ ಅದರ ಎರಡರಷ್ಟಾದರೂ ದೂರ ಇರಬೇಕು. ಬಾಯಿ ನೆಲದಿಂದ ಸುಮಾರು 30 ಸೆಂಟಿಮೀಟರ್ ಮೇಲೆ, ಸಮಮಟ್ಟದಲ್ಲಿರಬೇಕು. ಹವಾಮಾನ ಇಲಾಖೆ ಹಿಂದಿನ 24 ಗಂಟೆಗಳ ಮಳೆಯನ್ನು ಬೆಳಿಗ್ಗೆ 8.30ಕ್ಕೆ ಲೆಕ್ಕ ಹಾಕುತ್ತದೆ, ನೀವೂ ಅದೇ ಹೊತ್ತು ಇಟ್ಟುಕೊಂಡರೆ ಹೋಲಿಸಿ ನೋಡಬಹುದು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಇವೆ. ನಿಮ್ಮ ಅಂಕಿಗೂ ಅದರ ಅಂಕಿಗೂ ವ್ಯತ್ಯಾಸ ಕಂಡರೆ ಏಕೆಂದು ಹುಡುಕುವುದೇ ಒಂದು ವಾರದ ಚರ್ಚೆ. ಮಿಲಿಮೀಟರ್ ಮತ್ತು ಇಂಚು ಎರಡರಲ್ಲೂ ಬರೆಯಿರಿ (25.4 ಮಿ.ಮೀ.ಗೆ ಒಂದು ಇಂಚು), ಮನೆಯಲ್ಲಿ ಅಪ್ಪ ಅಮ್ಮನಿಗೆ ಇಂಚಿನಲ್ಲೇ ಹೇಳಬೇಕಲ್ಲ.

ರಿಜಿಸ್ಟರಿನ ಶಿಸ್ತು ಮುಖ್ಯ. ದಿನಾಂಕ, ಸಮಯ, ಅಳತೆ, ಅಳೆದವರ ಸಹಿ ಇಷ್ಟು ಕಾಲಂ ಸಾಕು. ಭಾನುವಾರ ಯಾರೂ ಬರಲಿಲ್ಲವೆಂದರೆ ಸೋಮವಾರದ ಅಳತೆಯ ಮುಂದೆ ‘ಎರಡು ದಿನದ್ದು’ ಎಂದು ಬರೆಯಬೇಕು, ಅರ್ಧ ಮಾಡಿ ಹಂಚಬಾರದು. ಅಳೆಯದ ದಿನ ‘ಅಳೆದಿಲ್ಲ’ ಎಂದೇ ಬರೆಯಬೇಕು. ಅಲ್ಲಿ ಸೊನ್ನೆ ಹಾಕಿದರೆ ಮಳೆಯೇ ಬರಲಿಲ್ಲವೆಂದು ಅರ್ಥವಾಗುತ್ತದೆ, ಮುಂದೆ ಓದುವವರು ಮೋಸಹೋಗುತ್ತಾರೆ. ಜೋರು ಮಳೆಗಾಲದಲ್ಲಿ ಜಿಲ್ಲಾಡಳಿತ ರಜೆ ಕೊಡುವ ದಿನಗಳಲ್ಲೇ ಅಳತೆ ಹೆಚ್ಚು ಬೇಕಾಗಿರುತ್ತದೆ. ಆ ದಿನಗಳಿಗೆ ಕಾಲೇಜಿನ ಪಕ್ಕದಲ್ಲೇ ಮನೆ ಅಥವಾ ಹಾಸ್ಟೆಲ್ ಇರುವ ಇಬ್ಬರನ್ನು ಮೊದಲೇ ಒಪ್ಪಿಸಿಕೊಳ್ಳಿ. ನಡೆದು ಬರುವುದೇ ಅಪಾಯ ಎನ್ನುವಂಥ ದಿನ ಅವರೂ ಬರಕೂಡದು ಎಂಬುದೂ ನಿಯಮವಾಗಿರಲಿ.

ಇನ್ನು ಅನುಮತಿ. ಪ್ರಾಂಶುಪಾಲರಿಗೆ ಒಂದು ಪುಟದ ಅರ್ಜಿ ಸಾಕು. ‘ವಿಷಯ: ಕಾಲೇಜಿನಲ್ಲಿ ಪ್ರಕೃತಿ ವೀಕ್ಷಣಾ ಸಂಘ ಆರಂಭಿಸಲು ಅನುಮತಿ ಕೋರಿ’ ಎಂದು ಹಾಕಿ, ಉದ್ದೇಶವನ್ನು ಎರಡು ವಾಕ್ಯದಲ್ಲಿ, ವಾರದ ಕೆಲಸವನ್ನು ಎರಡು ವಾಕ್ಯದಲ್ಲಿ ಬರೆದು, ಹತ್ತು ಹದಿನೈದು ಜನರ ಹೆಸರು, ತರಗತಿ, ಸಹಿ ಲಗತ್ತಿಸಿ. ಅದಕ್ಕೂ ಮೊದಲು ಸಂಚಾಲಕರಾಗಲು ಒಬ್ಬ ಅಧ್ಯಾಪಕರನ್ನು ಕೇಳಿಕೊಳ್ಳಬೇಕು. ಅತಿಥಿ ಉಪನ್ಯಾಸಕರು ಆಸಕ್ತಿಯಿಂದ ಒಪ್ಪಬಹುದು, ಆದರೆ ಮುಂದಿನ ವರ್ಷ ಅವರು ಅಲ್ಲೇ ಇರುತ್ತಾರೆಂಬ ಭರವಸೆ ಅವರಿಗೇ ಇರುವುದಿಲ್ಲ. ಕಾಯಂ ಅಧ್ಯಾಪಕರೊಬ್ಬರು ಜೊತೆಗಿರಲಿ. “ಸರ್, ವಾರಕ್ಕೆ ನಿಮ್ಮ ಅರ್ಧ ಗಂಟೆ ಸಾಕು, ಉಳಿದದ್ದು ನಾವು ನೋಡಿಕೊಳ್ಳುತ್ತೇವೆ” ಎಂದು ಹೇಳಿ, ಹೇಳಿದಂತೆ ನಡೆದುಕೊಳ್ಳಿ.

ಕಾಲೇಜಿಗೂ ಇದರಿಂದ ಉಪಯೋಗವಿದೆ. ನ್ಯಾಕ್ ಮೌಲ್ಯಮಾಪನಕ್ಕೆ ವಿದ್ಯಾರ್ಥಿ ಚಟುವಟಿಕೆಗಳ ದಾಖಲೆ ಬೇಕು, ಅದನ್ನು ಕಾಲೇಜಿನ ಆಂತರಿಕ ಗುಣಮಟ್ಟ ಭರವಸಾ ಕೋಶ (ಐಕ್ಯೂಎಸಿ) ಜೋಡಿಸಿಡುತ್ತದೆ. ಪ್ರತಿ ಕಾರ್ಯಕ್ರಮಕ್ಕೂ ಅರ್ಧ ಪುಟದ ವರದಿ, ಹಾಜರಿ ಪಟ್ಟಿ, ಸ್ಥಳ ಮತ್ತು ದಿನಾಂಕ ಮೂಡಿರುವ ಜಿಯೊಟ್ಯಾಗ್ ಫೋಟೊ ಕೊಡುತ್ತಾ ಬಂದರೆ ಸಂಘಕ್ಕೆ ಕೊಠಡಿಯನ್ನೂ ಕಪಾಟನ್ನೂ ಕೇಳುವುದು ಸುಲಭ. ಕಾಲೇಜಿನ ಅಡಿಯಲ್ಲೇ ನಡೆಯುವ ಸಂಘಕ್ಕೆ 1960ರ ಸಂಘಗಳ ನೋಂದಣಿ ಕಾಯ್ದೆಯ ಗೊಡವೆ ಬೇಡ. ಹಣ ಸಂಗ್ರಹಿಸುವುದಾದರೆ ಮಾತ್ರ ಪ್ರಾಂಶುಪಾಲರ ಲಿಖಿತ ಒಪ್ಪಿಗೆ, ರಸೀದಿ, ಖರ್ಚಿನ ಪುಸ್ತಕ ಇರಲೇಬೇಕು. ಒಬ್ಬರ ಮೊಬೈಲಿಗೆ ದುಡ್ಡು ಹಾಕಿಸಿಕೊಳ್ಳುವ ಪದ್ಧತಿ ಬೇಡವೇ ಬೇಡ, ಸ್ನೇಹ ಕೆಡುವುದು ಅಲ್ಲೇ.

ಸಭೆಯ ಹೊತ್ತನ್ನು ಇಲ್ಲಿ ಬಸ್ಸು ನಿರ್ಧರಿಸುತ್ತದೆ. ಶಾಂತಳ್ಳಿ, ಗರ್ವಾಲೆ, ಮಾದಾಪುರ, ಶನಿವಾರಸಂತೆ ಕಡೆಯಿಂದ ಬರುವವರನ್ನು ಸಂಜೆ ನಾಲ್ಕೂವರೆಗೆ ಕೂರಿಸಿದರೆ ಪೇಟೆಯವರಷ್ಟೇ ಉಳಿಯುತ್ತಾರೆ. ವಾರದ ಒಂದು ದಿನ ಮಧ್ಯಾಹ್ನದ ಬಿಡುವಿನಲ್ಲಿ ಬುತ್ತಿ ಸಮೇತ ಸೇರುವುದೇ ನ್ಯಾಯ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಕೆಲವರು ರಜಾದಿನವೆಲ್ಲ ತೋಟದಲ್ಲಿರುತ್ತಾರೆ, ಆಗ ಭಾನುವಾರದ ಕಾರ್ಯಕ್ರಮ ಇಡಬೇಡಿ.

ವರ್ಷಕ್ಕೊಂದು ದೊಡ್ಡ ಕೆಲಸವೂ ಬೇಕು. ಫೆಬ್ರುವರಿಯ ನಡುವೆ ನಾಲ್ಕು ದಿನ ಜಗತ್ತಿನಾದ್ಯಂತ ಹಕ್ಕಿ ಎಣಿಕೆ ನಡೆಯುತ್ತದೆ. ಅದರ ಭಾಗವಾಗಿ ಭಾರತದಲ್ಲಿ ಕ್ಯಾಂಪಸ್ ಹಕ್ಕಿ ಎಣಿಕೆಯೂ ಇದೆ. ಕನಿಷ್ಠ 15 ನಿಮಿಷ ನೋಡಿ, ಕಂಡ ಕೇಳಿದ ಹಕ್ಕಿಗಳನ್ನೆಲ್ಲ ಪಟ್ಟಿ ಮಾಡಿ, ಹಕ್ಕಿ ದಾಖಲೆಯ ಜಾಲತಾಣ ಇ-ಬರ್ಡ್‌ಗೆ ಸೇರಿಸಿದರಾಯಿತು. ಪಿಕಳಾರ, ಮಡಿವಾಳ, ಕುಟ್ರು, ಸೂರಕ್ಕಿ ಗುರುತಿಸಲು ಕಾಲೇಜಿನ ಆವರಣವೇ ಸಾಕು. ಪುಷ್ಪಗಿರಿ ಅಭಯಾರಣ್ಯಕ್ಕೆ ಹೋಗುವ ಆಸೆ ಸಹಜ. ಅದಕ್ಕೆ ಅರಣ್ಯ ಇಲಾಖೆಯ ಅನುಮತಿ, ಪೋಷಕರ ಒಪ್ಪಿಗೆ ಪತ್ರ, ಜೊತೆಗೆ ಅಧ್ಯಾಪಕ ಅಧ್ಯಾಪಕಿಯರು ಬೇಕು. ಆನೆ ಓಡಾಡುವ ಸೀಮೆ ಇದು, ನಸುಕಿನಲ್ಲಿ ತಾವೇ ಗುಂಪು ಕಟ್ಟಿಕೊಂಡು ತೋಟಗಳತ್ತ ನಡೆಯುವುದು ಸಲ್ಲ.

ಪದಾಧಿಕಾರಿಗಳನ್ನು ಆರಿಸುವಾಗ ಅಂತಿಮ ವರ್ಷದವರಿಗೇ ಎಲ್ಲ ಹುದ್ದೆ ಕೊಡುವ ರೂಢಿಯನ್ನು ಬಿಡಬೇಕು. ಕಾರ್ಯದರ್ಶಿ ಎರಡನೇ ವರ್ಷದವರಿರಲಿ, ರಿಜಿಸ್ಟರ್ ಮೊದಲ ವರ್ಷದವರ ಕೈಯಲ್ಲಿರಲಿ. ಪರೀಕ್ಷೆಗೆ ತಿಂಗಳ ಮುಂಚೆಯೇ ನಡಾವಳಿ ಪುಸ್ತಕ, ಕಪಾಟಿನ ಕೀಲಿ, ಇ-ಬರ್ಡ್ ಖಾತೆಯ ವಿವರಗಳನ್ನು ಸಂಚಾಲಕರ ಎದುರು ಹಸ್ತಾಂತರಿಸಿ ಸಹಿ ಪಡೆಯಿರಿ. ಉದ್ಘಾಟನೆ ಆಮೇಲೆ ಇಟ್ಟುಕೊಳ್ಳಬಹುದು, ಮೊದಲ ವರ್ಷದ ಮಳೆ ಲೆಕ್ಕವನ್ನು ಗೋಡೆಗೆ ಅಂಟಿಸಿ ಊರಿನ ಹಿರಿಯ ಬೆಳೆಗಾರರೊಬ್ಬರನ್ನು ಮಾತನಾಡಲು ಕರೆಯುವಾಗ. ಮುಂಗಾರಿಗೆ ಮೊದಲೇ ಮಾಪಕ ನಿಲ್ಲಬೇಕು, ಆದ್ದರಿಂದ ಅರ್ಜಿಯನ್ನು ಬೇಗ ಕೊಡಿ.